ವಸ್ತುವಿನ ಎರಡನೆಯ ಬಾಳು

ಮನುಷ್ಯನು ಮಾಡಿಕೊಂಡ ಪ್ರತಿಯೊಂದು ವಸ್ತುವಿಗೂ ಒಂದು ಮೊದಲ ಕೆಲಸವಿರುತ್ತದೆ. ಎಣ್ಣೆಯನ್ನು ತುಂಬಿಕೊಂಡು ಬರುವುದು ಡಬ್ಬದ ಕೆಲಸ; ಉಪ್ಪಿನಕಾಯಿಯನ್ನು ಕೆಡದಂತೆ ಕಾಪಾಡುವುದು ಗಾಜಿನ ಜಾಡಿಯ ಕೆಲಸ; ಮದುವೆಯ ಸುದ್ದಿಯನ್ನು ಬಂಧುಗಳಿಗೆ ಮುಟ್ಟಿಸುವುದು ಲಗ್ನಪತ್ರಿಕೆಯ ಕೆಲಸ. ಎಣ್ಣೆ ತೀರಿ, ಉಪ್ಪಿನಕಾಯಿ ಮುಗಿದು, ಮದುವೆ ನೆರವೇರಿದ ಮೇಲೆ ಆ ಕೆಲಸ ಕೊನೆಗೊಳ್ಳುತ್ತದೆ. ಆದರೆ ವಸ್ತು ಅಲ್ಲಿಗೆ ಕೊನೆಗೊಳ್ಳುವುದಿಲ್ಲ. ಡಬ್ಬದ ತಗಡು ಇನ್ನೂ ಗಟ್ಟಿಯಾಗಿರುತ್ತದೆ. ಜಾಡಿ ತೊಳೆದರೆ ಹೊಸದರಂತೆ ಹೊಳೆಯುತ್ತದೆ. ಲಗ್ನಪತ್ರಿಕೆಯ ದಪ್ಪ ಕಾಗದ ಮಡಿಕೆ ಮುರಿಯದೆ ನಿಂತಿರುತ್ತದೆ. ಇವುಗಳನ್ನು ಮುಂದೆ ಏನು ಮಾಡಬೇಕೆಂಬ ಪ್ರಶ್ನೆ ಬಡವರ ಮನೆಯಲ್ಲಿಯೂ ಏಳುತ್ತದೆ, ಸಿರಿವಂತರ ಮನೆಯಲ್ಲಿಯೂ ಏಳುತ್ತದೆ. ಪ್ರಶ್ನೆ ಚಿಕ್ಕದು, ಆದರೆ ಅದಕ್ಕೆ ದೊರೆಯುವ ಉತ್ತರದ ಮೇಲೆ ಮನೆಯ ಅಚ್ಚುಕಟ್ಟು, ಮನೆಯ ಖರ್ಚು ಮತ್ತು ಊರಾಚೆಯ ಕಸದ ರಾಶಿಯ ಎತ್ತರ ಇವು ಮೂರೂ ನಿಂತಿವೆ.

ಹಳೆಯ ವಸ್ತುವನ್ನು ಮತ್ತೆ ಉಪಯೋಗಕ್ಕೆ ತರುವ ಮಾರ್ಗಗಳು ಎರಡು. ವಸ್ತುವನ್ನು ಕರಗಿಸಿ ಅಥವಾ ಅರೆದು, ಅದೇ ದ್ರವ್ಯದಿಂದ ಹೊಸದನ್ನು ತಯಾರಿಸುವುದು ಮೊದಲನೆಯ ಮಾರ್ಗ. ಇದು ಕಾರ್ಖಾನೆಯ ಕೆಲಸ. ಒಡೆದ ಗಾಜನ್ನು ಮತ್ತೆ ಸೀಸೆಯಾಗಿಸಬೇಕಾದರೆ ಕುಲುಮೆಯಲ್ಲಿ ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆ ಬೇಕು. ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯ ಶೇಕಡಾ 5ರಷ್ಟರಲ್ಲಿಯೇ ಹಳೆಯ ಅಲ್ಯೂಮಿನಿಯಂ ಅನ್ನು ಕರಗಿಸಿ ಹೊಸದಾಗಿಸಬಹುದೆಂಬುದು ನಿಜವಾದರೂ ಅಲ್ಲಿಯೂ ಬೆಂಕಿ ಬೇಕು, ಯಂತ್ರ ಬೇಕು, ಸಾಗಣೆ ಬೇಕು. ವಸ್ತುವಿನ ರೂಪವನ್ನು ಹೆಚ್ಚು ಕೆಡಿಸದೆ ಅದಕ್ಕೆ ಬೇರೊಂದು ಕೆಲಸವನ್ನು ಹಚ್ಚುವುದು ಎರಡನೆಯ ಮಾರ್ಗ. ಜಾಡಿಯನ್ನು ತೊಳೆದು ಬೇಳೆ ತುಂಬಿಡುವುದಕ್ಕೆ ಕುಲುಮೆ ಬೇಕಿಲ್ಲ. ಒಂದು ಚೊಂಬು ನೀರು ಸಾಕು. ಇಲ್ಲಿ ಖರ್ಚಾಗುವುದು ಕೈಯ ಕೆಲಸ ಮತ್ತು ಕಣ್ಣಿನ ಎಚ್ಚರ ಮಾತ್ರ. ಆದ್ದರಿಂದಲೇ ಇದು ಪ್ರತಿಯೊಂದು ಮನೆಗೂ ಎಟುಕುವ ಮಾರ್ಗವಾಗಿದೆ.

ಈ ಮಾರ್ಗವನ್ನು ಕನ್ನಡ ನಾಡಿನ ಮನೆಗಳು ಯಾರಿಂದಲೂ ಹೊಸದಾಗಿ ಕಲಿಯಬೇಕಾಗಿಲ್ಲ. ಮಲೆನಾಡು ಮತ್ತು ಕರಾವಳಿಯ ತೋಟಗಳಲ್ಲಿ ಅಡಿಕೆಯ ಮರದಿಂದ ತಾನಾಗಿ ಕಳಚಿ ಬೀಳುವ ಹಾಳೆಯನ್ನು ಯಾರೂ ಕಸವೆಂದು ಎಣಿಸಲಿಲ್ಲ. ಅದು ಊಟದ ತಟ್ಟೆಯಾಯಿತು, ಬೇಸಗೆಯಲ್ಲಿ ಬೀಸಣಿಗೆಯಾಯಿತು, ದುಡಿಯುವವರ ತಲೆಯ ಮೇಲೆ ಮುಟ್ಟಾಳೆಯಾಯಿತು. ಕಾಯಿ ತುರಿದ ಮೇಲೆ ಉಳಿದ ತೆಂಗಿನ ಕರಟಕ್ಕೆ ಹಿಡಿ ಸೇರಿಸಿದರೆ ಸೌಟು. ಅದನ್ನೇ ಸುಟ್ಟರೆ ಇಸ್ತ್ರಿ ಪೆಟ್ಟಿಗೆಗೆ ಕೆಂಡ. ಗೊನೆ ಕಡಿದ ಬಾಳೆಯ ದಿಂಡಿನ ಪಟ್ಟೆಯನ್ನು ಒಣಗಿಸಿ ಸೀಳಿದರೆ ಹೂ ಕಟ್ಟುವ ನಾರು. ಇಷ್ಟೆಲ್ಲವನ್ನೂ ಮಾಡಿದವರು ಇದಕ್ಕೊಂದು ಹೆಸರಿಟ್ಟು ಕರೆಯಲಿಲ್ಲ. ಅದು ಮನೆಯ ನಡವಳಿಕೆಯೇ ಆಗಿತ್ತು.

ಈ ನಡವಳಿಕೆಯ ಅತ್ಯುತ್ತಮ ನಿದರ್ಶನವೆಂದರೆ ಉತ್ತರ ಕರ್ನಾಟಕದ ಕೌದಿ. ಉಟ್ಟು ಹಳತಾದ ಸೀರೆ, ಪಂಚೆ, ಕುಪ್ಪಸಗಳ ಗಟ್ಟಿ ಭಾಗಗಳನ್ನು ಕತ್ತರಿಸಿ, ಒಂದರ ಮೇಲೊಂದು ಪದರವಾಗಿ ಹಾಸಿ, ಸಣ್ಣ ಸಣ್ಣ ನೇರ ಹೊಲಿಗೆಗಳ ಸಾಲಿನಿಂದ ಅವುಗಳನ್ನು ಒಂದುಗೂಡಿಸಿದರೆ ಕೌದಿ ಸಿದ್ಧವಾಗುತ್ತದೆ. ಕೌದಿ ಬೆಚ್ಚಗಿರುವುದಕ್ಕೆ ಕಾರಣವಿದೆ. ಗಾಳಿಯು ಉಷ್ಣವನ್ನು ಸುಲಭವಾಗಿ ಸಾಗಗೊಡುವುದಿಲ್ಲ. ಪದರ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯು ಮೈಯ ಬಿಸಿಯನ್ನು ಹೊರಹೋಗದಂತೆ ತಡೆಯುತ್ತದೆ. ಹೊಸ ಬಟ್ಟೆಗೆ ಹಾಕಿದ ಗಂಜಿಯ ಬಿರುಸು ಹಲವು ಒಗೆತಗಳಲ್ಲಿ ಹೋಗಿಬಿಟ್ಟಿರುವುದರಿಂದ ಹಳೆಯ ಹತ್ತಿಯ ಬಟ್ಟೆ ಮೃದುವಾಗಿರುತ್ತದೆ. ಎಳೆಯ ಮಗುವಿನ ಮೈಗೆ ಹೊಸ ಬಟ್ಟೆಗಿಂತ ಅಜ್ಜಿಯ ಹಳೆಯ ಸೀರೆಯ ಕೌದಿಯೇ ಹಿತವೆಂದು ತಾಯಂದಿರು ಕಂಡುಕೊಂಡುದರ ಹಿಂದೆ ಈ ಅನುಭವವಿದೆ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಮುಂತಾದ ತಾಲ್ಲೂಕುಗಳಲ್ಲಿ ನೆಲೆಸಿರುವ ಸಿದ್ದಿ ಜನಾಂಗದ ಮಹಿಳೆಯರು ಹೊಲಿಯುವ ಕೌದಿಗಳು ತಮ್ಮ ಬಣ್ಣಗಾರಿಕೆಗೆ ಹೆಸರಾಗಿವೆ. ಶತಮಾನಗಳ ಹಿಂದೆ ಆಫ್ರಿಕದಿಂದ ಈ ನಾಡಿಗೆ ಬಂದವರ ವಂಶಸ್ಥರು ಇವರು. ಅಂಚಿನಿಂದ ಹೊಲಿಗೆಯನ್ನು ಆರಂಭಿಸಿ, ಸುತ್ತು ಸುತ್ತಾಗಿ ಒಳಕ್ಕೆ ಸಾಗಿ, ನಡುವಿನಲ್ಲಿ ಮುಗಿಸುವುದು ಇವರ ಕ್ರಮ. ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ತುಣುಕುಗಳನ್ನು ಹೂವಿನಂತೆ ಕೂರಿಸುತ್ತಾರೆ. ಆ ಹೂವಿನಿಂದ ಕೌದಿಯ ಬೆಚ್ಚನೆ ಹೆಚ್ಚುವುದಿಲ್ಲ. ಆದರೂ ಅದಿಲ್ಲದೆ ಕೌದಿ ಪೂರ್ಣವಾಯಿತೆಂದು ಅವರು ತಿಳಿಯುವುದಿಲ್ಲ. ಅಗತ್ಯವು ಅಲಂಕಾರವಾಗಿ ಅರಳುವ ಬಗೆ ಇದು. ಬಂಗಾಳದ ಹೆಂಗಸರು ಹಳೆಯ ಸೀರೆಯ ಅಂಚಿನಿಂದಲೇ ದಾರವನ್ನೆಳೆದು ಕಾಂಥಾ ಹೊದಿಕೆಗಳ ಮೇಲೆ ಚಿತ್ರ ಬಿಡಿಸಿದರು. ಜಪಾನಿನ ಉತ್ತರ ಭಾಗದ ಬಡ ರೈತರು ನೀಲಿ ಬಣ್ಣದ ಚಿಂದಿಗಳನ್ನು ತೇಪೆಯ ಮೇಲೆ ತೇಪೆಯಾಗಿ ಹೊಲಿದುಕೊಂಡರು. ‘ಬೊರೊ’ ಎಂದು ಕರೆಯುವ ಆ ಬಟ್ಟೆಗಳನ್ನು ಇಂದು ವಸ್ತುಸಂಗ್ರಹಾಲಯಗಳು ಕಾಪಾಡುತ್ತಿವೆ. ನಾಡು ಬೇರೆಯಾದರೂ ಬಡತನವನ್ನು ಸೂಜಿಯಿಂದ ಎದುರಿಸಿದ ಜಾಣ್ಮೆ ಒಂದೇ.

ಕಾರ್ಖಾನೆಯಲ್ಲಿ ತಯಾರಾದ ಸರಕುಗಳು ಹಳ್ಳಿಯನ್ನು ತಲುಪಿದಾಗಲೂ ಈ ಜಾಣ್ಮೆ ಹಿಂಜರಿಯಲಿಲ್ಲ. ಸೀಮೆಎಣ್ಣೆಯನ್ನು ತುಂಬಿಕೊಂಡು ಬಂದ ಸುಮಾರು 18 ಲೀಟರಿನ ಚೌಕ ಡಬ್ಬ ಇದಕ್ಕೆ ಸಾಕ್ಷಿ. ಎಣ್ಣೆ ಮುಗಿದ ಮೇಲೆ ಅದಕ್ಕೆ ಅಡ್ಡಲಾಗಿ ಮರದ ಹಿಡಿ ಹಾಕಿ ನೀರು ಹೊತ್ತರು. ಬಿಡಿಸಿ ಹರಡಿ, ಸೋರುವ ಮಾಡಿಗೆ ತಗಡಾಗಿ ಹೊದಿಸಿದರು. ಮಣ್ಣು ತುಂಬಿ ತುಳಸಿಯ ಗಿಡವನ್ನು ನೆಟ್ಟರು. ಇಂತಹ ಡಬ್ಬವನ್ನು ಮಾಡುವುದು ಉಕ್ಕಿನ ತೆಳುವಾದ ತಗಡಿಗೆ ತವರದ ಲೇಪವನ್ನು ಕೊಟ್ಟು. ಲೇಪವು ಗೀರಿದಲ್ಲಿ ಒಳಗಿನ ಉಕ್ಕಿಗೆ ನೀರೂ ಗಾಳಿಯೂ ತಗುಲಿ ತುಕ್ಕು ಹಿಡಿಯುತ್ತದೆ. ಆದ್ದರಿಂದ ಡಬ್ಬವನ್ನು ಹೂಕುಂಡವಾಗಿ ಮಾಡುವವರು ತಳದಲ್ಲಿ ನೀರು ಬಸಿದುಹೋಗಲು ತೂತುಗಳನ್ನು ಕೊರೆದು, ಒಳಗೂ ಹೊರಗೂ ಬಣ್ಣ ಬಳಿಯುವುದು ಲೇಸು. ವಸ್ತುವಿನ ಗುಣವನ್ನು ಅರಿತು ಅದಕ್ಕೆ ತಕ್ಕ ಕೆಲಸವನ್ನು ಕೊಡಬೇಕೆಂಬುದು ಮರುಬಳಕೆಯ ಮೊದಲ ಪಾಠ.

ಎರಡನೆಯ ಪಾಠ ಮನೆಯ ಅಗತ್ಯಕ್ಕೆ ಸಂಬಂಧಿಸಿದ್ದು. ಮನೆ ಅಸ್ತವ್ಯಸ್ತವಾಗುವುದು ವಸ್ತುಗಳು ಹೆಚ್ಚಾದಾಗ ಮಾತ್ರವಲ್ಲ. ವಸ್ತುವಿಗೊಂದು ನೆಲೆ ಇಲ್ಲದಿದ್ದಾಗ. ಸೂಜಿ ಎಲ್ಲಿ, ಕತ್ತರಿ ಎಲ್ಲಿ, ಪಡಿತರ ಚೀಟಿ ಎಲ್ಲಿ ಎಂದು ಹುಡುಕುವುದರಲ್ಲಿ ಕಳೆಯುವ ಹೊತ್ತು ಮನೆಮಂದಿಯ ಸಹನೆಯನ್ನೇ ಕದಡುತ್ತದೆ. ಇದಕ್ಕೆ ಪರಿಹಾರವಾಗಿ ಬೆಲೆಬಾಳುವ ಕಪಾಟೇ ಬೇಕೆಂದಿಲ್ಲ. ಅಗಲ ಬಾಯಿಯ ಗಾಜಿನ ಜಾಡಿಗಳಲ್ಲಿ ಬೇಳೆಕಾಳುಗಳನ್ನು ತುಂಬಿ ಸಾಲಾಗಿ ಇಟ್ಟರೆ ಯಾವುದು ಎಷ್ಟು ಉಳಿದಿದೆಯೆಂಬುದು ಮುಚ್ಚಳ ತೆರೆಯದೆಯೇ ಕಾಣುತ್ತದೆ. ಪಾದರಕ್ಷೆಯ ರಟ್ಟಿನ ಪೆಟ್ಟಿಗೆಯನ್ನು ಮೇಜಿನ ಖಾನೆಯ ಅಳತೆಗೆ ಕತ್ತರಿಸಿ ಒಳಗಿರಿಸಿದರೆ ಸಣ್ಣಪುಟ್ಟ ಸಾಮಾನುಗಳಿಗೆ ಬೇರೆ ಬೇರೆ ಮನೆಗಳಾಗುತ್ತವೆ. ಹಣ್ಣು ತುಂಬಿ ಬಂದ ಹಲಗೆಯ ಪೆಟ್ಟಿಗೆಯ ಮೊಳೆಗಳನ್ನು ಬಡಿದು, ಉಪ್ಪುಕಾಗದದಿಂದ ಉಜ್ಜಿ, ಮಗ್ಗುಲಾಗಿ ಒಂದರ ಮೇಲೊಂದು ಜೋಡಿಸಿ ಬಿಗಿದರೆ ಪುಸ್ತಕದ ಗೂಡು ದೊರೆಯುತ್ತದೆ. ಹಳೆಯ ಷರಾಯಿಯ ಜೇಬುಗಳನ್ನು ಬಿಚ್ಚಿ ದಪ್ಪ ಬಟ್ಟೆಯೊಂದರ ಮೇಲೆ ಸಾಲಾಗಿ ಹೊಲಿದು ಬಾಗಿಲ ಹಿಂದೆ ತೂಗುಹಾಕಿದರೆ ಬಾಚಣಿಗೆ, ಕತ್ತರಿ, ಕಾಗದಪತ್ರಗಳಿಗೆ ಅದೇ ಕಪಾಟು.

ಕನ್ನಡಿಗರ ಮನೆಗಳಲ್ಲಿ ಹೇರಳವಾಗಿ ಸೇರಿಕೊಳ್ಳುವ ಎರಡು ವಸ್ತುಗಳನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಮೊದಲನೆಯದು ಮದುವೆ ಮುಂಜಿಗಳಲ್ಲಿ ಕೊಡುವ ತಾಂಬೂಲದ ಚೀಲ. ತೆಂಗಿನಕಾಯಿ ಮತ್ತು ವೀಳ್ಯವನ್ನು ಹೊತ್ತು ಬಂದ ಬಟ್ಟೆಯ ಚೀಲವು ಗಾಳಿಯಾಡುವಂತಹುದು. ಈರುಳ್ಳಿ, ಬೆಳ್ಳುಳ್ಳಿಗಳನ್ನು ಅದರಲ್ಲಿ ಹಾಕಿ ತೂಗುಬಿಡಬಹುದು. ಬೇರೆ ಬೇರೆ ಬಣ್ಣದ ಚೀಲಗಳಲ್ಲಿ ಮಕ್ಕಳ ಆಟದ ಸಾಮಾನು, ಹೊಲಿಗೆಯ ಸಾಮಾನುಗಳನ್ನು ಬೇರ್ಪಡಿಸಿ ಇಡಬಹುದು. ಎರಡನೆಯದು ಗೋಡೆಯ ಕ್ಯಾಲೆಂಡರು. ತಿಂಗಳು ಕಳೆದ ಹಾಳೆ ದಪ್ಪವಾಗಿಯೂ ನಯವಾಗಿಯೂ ಇರುವುದರಿಂದ ಶಾಲೆಯ ಪುಸ್ತಕಕ್ಕೆ ಅದಕ್ಕಿಂತ ಒಳ್ಳೆಯ ಹೊದಿಕೆ ಅಪರೂಪ. ಲಗ್ನಪತ್ರಿಕೆಯ ದಪ್ಪ ಹಾಳೆಯನ್ನು ನೀಳವಾಗಿ ಕತ್ತರಿಸಿದರೆ ಪುಟದ ಗುರುತಾಗುತ್ತದೆ. ಮಡಿಸಿ ಅಂಟಿಸಿದರೆ ಪುಟ್ಟ ಪೆಟ್ಟಿಗೆಯಾಗುತ್ತದೆ.

ಉಪಯೋಗದ ಬಳಿಕ ಅಂದದ ಮಾತು. ಮನೆಯನ್ನು ಸಿಂಗರಿಸುವುದೆಂದರೆ ಇರುವ ಜಾಗವನ್ನೆಲ್ಲ ತುಂಬುವುದು ಎಂಬ ತಪ್ಪು ತಿಳಿವಳಿಕೆ ಕೆಲವರಲ್ಲಿದೆ. ಹತ್ತು ಆಕಾರದ, ಹತ್ತು ಬಣ್ಣದ ಡಬ್ಬಗಳನ್ನು ಕಿಟಕಿಯ ಮೇಲೆ ಪೇರಿಸಿದರೆ ಅದು ಅಂಗಡಿಯಂತೆ ಕಾಣುತ್ತದೆ. ಅವುಗಳಲ್ಲಿ ಒಂದೇ ಅಳತೆಯ ಮೂರನ್ನು ಆರಿಸಿ, ಒಂದೇ ಬಣ್ಣವನ್ನು ಬಳಿದು, ನಡುವೆ ಸಮನಾದ ಅಂತರವಿರಿಸಿ, ಪುದೀನ ಕೊತ್ತಂಬರಿಗಳನ್ನು ಬೆಳೆಸಿದರೆ ಅದೇ ಕಿಟಕಿಗೆ ಕಳೆ ಬರುತ್ತದೆ. ಹೊಂದಿಕೆ, ಪ್ರಮಾಣ ಮತ್ತು ಬಿಡುವು ಇವು ಮೂರೂ ಅಂದದ ಮೂಲಗಳು. ಅಂಗಳದ ರಂಗವಲ್ಲಿಯಲ್ಲಿ ಗೆರೆಗಳಷ್ಟೇ ಗೆರೆಗಳ ನಡುವಣ ತೆರಪೂ ಮುಖ್ಯವೆಂಬುದನ್ನು ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ.

ಒಡಲು ಜೀರ್ಣವಾದ ಇಳಕಲ್ ಸೀರೆಯಲ್ಲಿ ಸೆರಗು ಮಾತ್ರ ಗಟ್ಟಿಯಾಗಿ ಉಳಿದಿರುವುದುಂಟು. ಅದರ ಕೆಂಪು ಬಿಳಿಯ ವಿನ್ಯಾಸವನ್ನು ಚೌಕಟ್ಟಿನಲ್ಲಿ ಕೂರಿಸಿ ಗೋಡೆಗೆ ತೂಗುಹಾಕಿದರೆ ಬೇರೆ ಚಿತ್ರಪಟ ಬೇಕಾಗುವುದಿಲ್ಲ. ಸೀರೆಯ ಅಂಚನ್ನು ಸರಳವಾದ ಬಿಳಿಯ ಪರದೆಗೆ ಹೊಲಿದರೆ ಪರದೆಗೆ ಹೊಸ ಮೆರುಗು ಬರುತ್ತದೆ. ವಿದ್ಯುತ್ತಿನ ರುಬ್ಬುವ ಯಂತ್ರಗಳು ಬಂದ ಮೇಲೆ ಹಿತ್ತಿಲು ಸೇರಿದ ಒರಳುಕಲ್ಲು, ಮರದ ನೆರಳಿನಲ್ಲಿ ನೀರು ತುಂಬಿಟ್ಟರೆ ಬೇಸಗೆಯ ಹಕ್ಕಿಗಳಿಗೆ ಅರವಟ್ಟಿಗೆಯಾಗುತ್ತದೆ. ನೀರು ಕಾಯಿಸುವ ಕೆಲಸದಿಂದ ನಿವೃತ್ತವಾದ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಹಜಾರದ ಮೂಲೆಯಲ್ಲಿರಿಸಿದರೆ ಕೊಡೆಗಳಿಗೆ ಗೌರವದ ನೆಲೆ ಸಿಗುತ್ತದೆ.

ಕೈಬಿಟ್ಟ ವಸ್ತುಗಳಿಂದ ಎಷ್ಟು ದೊಡ್ಡ ಸೌಂದರ್ಯವನ್ನು ಕಟ್ಟಬಹುದೆಂಬುದಕ್ಕೆ ಚಂಡೀಗಢದ ಶಿಲೋದ್ಯಾನವು ಜೀವಂತ ನಿದರ್ಶನ. ಅದನ್ನು ನಿರ್ಮಿಸಿದ ನೇಕ್ ಚಂದ್ ಅವರು ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದ ಸಾಮಾನ್ಯ ನೌಕರರು. ಹೊಸ ನಗರಕ್ಕಾಗಿ ಹಳೆಯ ಹಳ್ಳಿಗಳನ್ನು ಕೆಡವಿದಾಗ ಉಳಿದ ಸಾಮಗ್ರಿ, ಒಡೆದ ಬಳೆ, ಪಿಂಗಾಣಿಯ ಚೂರು, ವಿಚಿತ್ರ ಆಕಾರದ ಕಲ್ಲುಗಳನ್ನು ಅವರು ಬಿಡುವಿನ ವೇಳೆಯಲ್ಲಿ ಹೊತ್ತು ತಂದರು. ಕಾಡಿನ ಮರೆಯಲ್ಲಿ ಹಲವು ವರ್ಷ ಗುಟ್ಟಾಗಿ ದುಡಿದು ಮನುಷ್ಯರ, ಪ್ರಾಣಿಗಳ ಸಾಲು ಸಾಲು ಮೂರ್ತಿಗಳನ್ನು ರೂಪಿಸಿದರು. ಅಪ್ಪಣೆಯಿಲ್ಲದೆ ಸರಕಾರಿ ನೆಲದಲ್ಲಿ ಎದ್ದ ಆ ತೋಟವನ್ನು ಅಧಿಕಾರಿಗಳು ಕಂಡಾಗ ಅದನ್ನು ಕೆಡವಬಹುದಾಗಿತ್ತು, ಕೆಡವಲಿಲ್ಲ. 1976ರಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆಯಲಾಯಿತು. 1984ರಲ್ಲಿ ನೇಕ್ ಚಂದ್ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. 2015ರಲ್ಲಿ ಅವರು ತೀರಿಕೊಂಡರೂ ಒಡೆದ ಬಳೆಗಳ ಉಡುಗೆ ತೊಟ್ಟ ಅವರ ಬೊಂಬೆಗಳು ಇಂದಿಗೂ ನೋಡುಗರನ್ನು ಸೆಳೆಯುತ್ತಿವೆ.

ಆದರೆ ಎಲ್ಲ ವಸ್ತುವೂ ಎರಡನೆಯ ಬಾಳಿಗೆ ಯೋಗ್ಯವಲ್ಲ. ಕೀಟನಾಶಕ ತುಂಬಿದ್ದ ಡಬ್ಬವನ್ನು ಎಷ್ಟು ತೊಳೆದರೂ ಮನೆಯೊಳಗೆ ಬಳಸಲಾಗದು; ವಿಷದ ಶೇಷವು ಕಣ್ಣಿಗೆ ಕಾಣುವಂತಹುದಲ್ಲ. ನೀರು, ಪಾನೀಯಗಳು ಬರುವ ತೆಳುವಾದ ಪ್ಲಾಸ್ಟಿಕ್ ಸೀಸೆಯಲ್ಲಿ ಕುದಿಯುವ ನೀರನ್ನಾಗಲಿ ಬಿಸಿಯಾದ ಸಾರನ್ನಾಗಲಿ ತುಂಬಬಾರದು. ಹಳೆಯ ವೃತ್ತಪತ್ರಿಕೆಯಲ್ಲಿ ಕರಿದ ತಿಂಡಿಯನ್ನು ಕಟ್ಟಿಕೊಡುವುದು ಅಗ್ಗದ ಮರುಬಳಕೆಯೆಂದು ತೋರಬಹುದು. ಆದರೆ ಮುದ್ರಣದ ಮಸಿಯಲ್ಲಿರುವ ಹಾನಿಕರ ದ್ರವ್ಯಗಳು ಎಣ್ಣೆಯ ಮೂಲಕ ಆಹಾರವನ್ನು ಸೇರುತ್ತವೆ. ಹೀಗೆ ಕಟ್ಟಿಕೊಡಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿಯೇ ಎಚ್ಚರಿಕೆ ನೀಡಿದೆ. ಕತ್ತರಿಸಿದ ತಗಡಿನ ಅಂಚನ್ನು ಮಡಿಸಿ ಬಡಿಯದಿದ್ದರೆ ಅದು ಕೈಯನ್ನು ಕೊಯ್ಯುತ್ತದೆ. ಸೀಸೆಯಲ್ಲಿ ನೀರಿಟ್ಟು ಬಳ್ಳಿ ಬೆಳೆಸುವವರು, ಹಕ್ಕಿಗಳಿಗಾಗಿ ಒರಳಿನಲ್ಲಿ ನೀರಿಡುವವರು ವಾರಕ್ಕೊಮ್ಮೆಯಾದರೂ ಆ ನೀರನ್ನು ಚೆಲ್ಲಿ ಪಾತ್ರೆಯನ್ನು ಉಜ್ಜಬೇಕು. ಇಲ್ಲವಾದರೆ ನಿಂತ ನೀರಿನಲ್ಲಿ ಡೆಂಗೆ ಜ್ವರವನ್ನು ಹರಡುವ ಸೊಳ್ಳೆಯು ಏಳರಿಂದ ಹತ್ತು ದಿನಗಳಲ್ಲಿ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆದುಬಿಡುತ್ತದೆ.

ಇನ್ನೊಂದು ಅಪಾಯವು ಮನಸ್ಸಿಗೆ ಸಂಬಂಧಿಸಿದ್ದು. ‘ಮುಂದೆಂದಾದರೂ ಬೇಕಾದೀತು’ ಎಂಬ ಮಾತಿನ ಆಸರೆಯಲ್ಲಿ ಒಡೆದ ಬಕೆಟ್ಟು, ಕಾಲಿಲ್ಲದ ಕುರ್ಚಿ, ಮುಚ್ಚಳವಿಲ್ಲದ ಡಬ್ಬಗಳು ಅಟ್ಟವನ್ನೇರುತ್ತವೆ. ಅಲ್ಲಿ ಧೂಳು ತುಂಬುತ್ತದೆ, ಇಲಿ ಗೂಡು ಕಟ್ಟುತ್ತದೆ. ಆ ‘ಮುಂದೆ’ ಬರುವುದೇ ಇಲ್ಲ. ಉಳಿಸುವುದು ಬೇರೆ, ಕೂಡಿಹಾಕುವುದು ಬೇರೆ. ವಸ್ತುವನ್ನು ಎತ್ತಿಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಇದು ಯಾವ ದ್ರವ್ಯದಿಂದ ಆಗಿದೆ? ಮನೆಯ ಯಾವ ಕೊರತೆಯನ್ನು ಇದು ತುಂಬಬಲ್ಲದು? ಆ ಕೆಲಸವನ್ನು ಯಾರು, ಎಂದು ಮಾಡುವರು? ಮೂರಕ್ಕೂ ಉತ್ತರವಿದ್ದರೆ ವಸ್ತು ಮನೆಯಲ್ಲಿ ಉಳಿಯಲಿ. ಇಲ್ಲದಿದ್ದರೆ ಅದನ್ನು ಬೇಕಾದವರಿಗೆ ಕೊಡುವುದು, ಇಲ್ಲವೆ ಹಳೆಯ ಸಾಮಾನು ಕೊಳ್ಳುವವರ ಕೈಗೆ ಒಪ್ಪಿಸುವುದು ಸರಿಯಾದ ದಾರಿ. ಯೋಗ್ಯ ಸಮಯದಲ್ಲಿ ಬಿಟ್ಟುಕೊಡುವುದೇ ಮರುಬಳಕೆಯ ಮೂರನೆಯ ಪಾಠ.

ಮರುಬಳಕೆಯೊಂದರಿಂದಲೇ ಕಸದ ಸಮಸ್ಯೆ ಬಗೆಹರಿಯುವುದೆಂದು ತಿಳಿಯುವುದೂ ಸರಿಯಲ್ಲ. ಪ್ಲಾಸ್ಟಿಕ್ ಸೀಸೆಗೆ ಬಣ್ಣ ಬಳಿದು ಹೂದಾನಿಯಾಗಿಸಿದರೂ ಒಂದು ದಿನ ಅದು ಕಸವಾಗಿಯೇ ತೀರುತ್ತದೆ. ಹೂದಾನಿಗೆಂದೇ ಸೀಸೆಗಳನ್ನು ಕೊಂಡು ತಂದರಂತೂ ಉದ್ದೇಶವೇ ತಲೆಕೆಳಗಾಗುತ್ತದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚ ಮುಂತಾದವುಗಳನ್ನು ಭಾರತ ಸರಕಾರವು 2022ರ ಜುಲೈ 1ರಿಂದ ನಿಷೇಧಿಸಿರುವುದು ಈ ಕಾರಣದಿಂದಲೇ. ಬೇಡದುದನ್ನು ಕೊಳ್ಳದಿರುವುದು ಮೊದಲ ಹೆಜ್ಜೆ. ಕೊಂಡುದನ್ನು ಹಲವು ಸಲ ಬಳಸುವುದು ಎರಡನೆಯದು. ಬಳಸಲಾಗದುದನ್ನು ಬೇರ್ಪಡಿಸಿ ಕಾರ್ಖಾನೆಗೆ ಮರಳಿಸುವುದು ಮೂರನೆಯದು. ಈ ಕ್ರಮ ತಪ್ಪಬಾರದು.

ಹಳೆಯ ವಸ್ತುವನ್ನು ಮತ್ತೆ ಬಳಸುವುದು ಇಲ್ಲದವರ ಲಕ್ಷಣವೆಂದು ನಾಚುವವರಿದ್ದಾರೆ. ಕೌದಿಯನ್ನು ಹೊಲಿದವರ ಮನೆಯಲ್ಲಿ ಬಡತನವಿದ್ದುದು ನಿಜ. ಆದರೆ ಅವರು ಹೊಲಿದ ಕೌದಿಯಲ್ಲಿ ಬಡತನವಿರಲಿಲ್ಲ. ಅದರಲ್ಲಿದ್ದುದು ಬಣ್ಣಗಳ ಆಯ್ಕೆ, ಹೊಲಿಗೆಯ ಶ್ರದ್ಧೆ, ಮೂಲೆಯ ಹೂವು. ಇಂದು ಪ್ರದರ್ಶನಗಳಲ್ಲಿ ಜನರು ಬೆಲೆ ಕೊಟ್ಟು ಕೊಳ್ಳುತ್ತಿರುವುದು ಹಳೆಯ ಬಟ್ಟೆಯನ್ನಲ್ಲ, ಆ ಶ್ರದ್ಧೆಯನ್ನು. ತನ್ನ ಕೈಯಿಂದ ಗೂಡೊಂದನ್ನು ಜೋಡಿಸಿದ ವಿದ್ಯಾರ್ಥಿಗೆ ಮರದ ಗುಣ ತಿಳಿಯುತ್ತದೆ, ಅಳತೆಯ ಬೆಲೆ ತಿಳಿಯುತ್ತದೆ; ಅದಕ್ಕಿಂತ ಮಿಗಿಲಾಗಿ, ಪ್ರತಿಯೊಂದು ವಸ್ತುವಿನ ಹಿಂದೆಯೂ ಯಾರದೋ ದುಡಿಮೆ ಇದೆಯೆಂಬುದು ತಿಳಿಯುತ್ತದೆ. ಇದನ್ನು ತಿಳಿದವರ ಮನೆ ಚಿಕ್ಕದಾಗಿದ್ದರೂ ಅಲ್ಲಿ ಒಂದು ಸೂಜಿಗೂ ನೆಲೆಯಿರುತ್ತದೆ. ಯಾವ ವಸ್ತುವೂ ತನ್ನ ಕಾಲಕ್ಕಿಂತ ಮುಂಚೆ ಕಸವಾಗುವುದಿಲ್ಲ.